ಗೋಡೆ ಇಲ್ಲದೆ ಹನ್ನೊಂದು ದಿನ: ಯಲಬುರ್ಗಾ ಸೀಮೆಯ ಒಂದು ಮಾಳಿಗೆ ಮನೆಯ ಪ್ರಕರಣ

ಫೋನು ಬಂದದ್ದು ಅಕ್ಟೋಬರ್ ಎರಡನೇ ವಾರ. ಹಿಂಗಾರಿ ಜೋಳ ಬಿತ್ತುವ ಗಡಿಬಿಡಿಯಲ್ಲಿ ಊರಿಗೆ ಊರೇ ಹೊಲದಲ್ಲಿತ್ತು. "ತಮ್ಮಾ, ತೆಂಕಲ ಗ್ವಾಡಿ ಹೊಟ್ಟಿ ಬಿಟ್ಟೈತಿ. ಎಂಜಿನಿಯರ್ ಒಬ್ಬಾವ ಬಂದು ನೋಡಿ, ಇದ್ರಾಗ ಮಲಗಬ್ಯಾಡ್ರಿ, ಕೆಡವಿಬಿಡ್ರಿ ಅಂದು ಹೋಗ್ಯಾನ. ನೀ ಒಮ್ಮಿ ಬಂದು ನೋಡು" ಎಂದರು ನನ್ನ ದೊಡ್ಡ ಮಾವ.

ನಾನು ಕೊಪ್ಪಳದಲ್ಲಿ ಮನೆ ಕಟ್ಟಿಸುವ ಕೆಲಸ ಮಾಡುವವನು. ಇಪ್ಪತ್ತು ವರ್ಷದಲ್ಲಿ ಕಟ್ಟಿಸಿದ್ದೆಲ್ಲ ಆರ್‌ಸಿಸಿ. ಡಿಪ್ಲೊಮಾ ಓದುವಾಗ ಮಣ್ಣಿನ ಮಾಳಿಗೆಯ, ಅಂದರೆ ಕಟ್ಟಿಗೆಯ ಮೇಲೆ ಮಣ್ಣು ಹಾಸಿದ ಮಟ್ಟಸ ಚಾವಣಿಯ ಬಗ್ಗೆ ಒಂದು ಸಾಲೂ ಪಾಠದಲ್ಲಿರಲಿಲ್ಲ. ಬೇಸಿಗೆ ರಜೆಯಲ್ಲೆಲ್ಲ ಆ ಮನೆಯ ಪಡಸಾಲೆಯಲ್ಲೇ ಹೊರಳಾಡಿ ಬೆಳೆದಿದ್ದರೂ ಅದು ಯಾವ ಬಲದ ಮೇಲೆ ನಿಂತಿದೆ ಎಂದು ಒಂದು ದಿನವೂ ತಲೆ ಎತ್ತಿ ನೋಡಿದವನಲ್ಲ. ಹಾಗಾಗಿ ಮೊದಲ ಭೇಟಿಯಲ್ಲಿ ನಾನೂ "ಹೌದು ಮಾವ, ಕೆಡವೋದ ಛಲೋ" ಎಂದೇ ಹೇಳಿಬಂದೆ. ಆ ಮಾತನ್ನು ವಾಪಸು ತೆಗೆದುಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮನೆ

ನಮ್ಮ ಕಡೆ ಹಿಂದೆ ಮನೆಯನ್ನು ಚದರಡಿಯಲ್ಲಿ ಹೇಳುತ್ತಿರಲಿಲ್ಲ, ಅಂಕಣದಲ್ಲಿ ಹೇಳುತ್ತಿದ್ದರು. ಕಂಬದಿಂದ ಕಂಬಕ್ಕೆ ನಡುವಿನ ಜಾಗ ಒಂದು ಅಂಕಣ. ಪತ್ರಿಕೆಯಲ್ಲಿ ಬರುವ ಅಂಕಣವೂ ಇದೇ ಮಾತು. ಹೆಣ್ಣು ಕೊಡುವಾಗ "ಎಷ್ಟು ಅಂಕಣದ ಮನಿ?" ಎಂದು ಕೇಳಿದರೆ ಮನೆತನದ ಅಳತೆಯೇ ಸಿಕ್ಕಿಬಿಡುತ್ತಿತ್ತು. ಮಾವನ ಮನೆ ಮೂಲದಲ್ಲಿ ಹದಿನಾರು ಅಂಕಣದ್ದು. ಅಣ್ಣತಮ್ಮಂದಿರು ಬೇರೆಯಾದಾಗ ಎಂಟು ಎಂಟು ಪಾಲಾಯಿತು. ತೆಂಕಣ ಪಾಲು ಸಣ್ಣ ಮಾವನದು. ಆತ ಹನ್ನೆರಡು ವರ್ಷದ ಹಿಂದೆ ತನ್ನ ಎಂಟು ಅಂಕಣ ಕಿತ್ತು, ನಡುವೆ ನಾಲ್ಕು ಅಡಿ ಸಂದಿ ಬಿಟ್ಟು, ಆರ್‌ಸಿಸಿ ಮನೆ ಕಟ್ಟಿಕೊಂಡ. ಉಳಿದದ್ದು ದೊಡ್ಡ ಮಾವನ ಎಂಟು ಅಂಕಣ: ಅಗಲಕ್ಕೆ ಎರಡು, ಉದ್ದಕ್ಕೆ ನಾಲ್ಕು. ಒಂದೊಂದು ಅಂಕಣ 7 ಅಡಿ ಅಗಲ, 9 ಅಡಿ ಉದ್ದ.

ಮೂಡಲ ಬಾಗಿಲು. ಬಾಗಿಲಿನ ಎರಡೂ ಕಡೆ ಕಟ್ಟೆ. ತಲೆಬಾಗಿಲು ದಾಟಿದರೆ ಮೊದಲು ತಗ್ಗಿನ ಅಂಕಣ, ಅಲ್ಲಿ ದನ ಕಟ್ಟುತ್ತಿದ್ದರು. ಗ್ವಾದಲಿಯ ಕಲ್ಲು ಈಗಲೂ ಇದೆ, ಅದರ ಮೇಲೆ ಬೈಕು ಒರಗಿಸುತ್ತಾರೆ. ಅಲ್ಲಿಂದ ಎರಡೂವರೆ ಅಡಿ ಎತ್ತರಕ್ಕೆ ಪಡಸಾಲೆ. ಪಡಸಾಲೆಯ ನೆಲದಲ್ಲಿ ಕಲ್ಲು ಮುಚ್ಚಿದ ಹಗೇವು, ಅದರಲ್ಲಿ ಜೋಳ ತುಂಬಿ ಎಷ್ಟೋ ವರ್ಷವಾಯಿತು. ಒಳಗೆ ಅಡುಗೆ ಮನೆ, ದೇವರ ಮನೆ, ಹಿಂದೆ ಬಚ್ಚಲು. ಕಿಟಕಿ ಎಂಬುದು ಇಡೀ ಮನೆಗೆ ಒಂದೇ, ಅದೂ ಆಮೇಲೆ ಒಡೆದು ಇಟ್ಟದ್ದು. ಬೆಳಕೆಲ್ಲ ಮಾಳಿಗೆಯ ಎರಡು ಬೆಳಕಿಂಡಿಗಳಿಂದ. ಮಧ್ಯಾಹ್ನ ಹನ್ನೆರಡಕ್ಕೆ ಒಲೆಯ ಹೊಗೆಯಲ್ಲಿ ಬೆಳಕಿನ ಕೋಲು ನೆಟ್ಟಗೆ ನಿಲ್ಲುತ್ತಿತ್ತು, ನಾವು ಅದನ್ನು ಹಿಡಿಯಲು ಹೋಗುತ್ತಿದ್ದೆವು.

ಈಗ ಮೇಲಕ್ಕೆ ನೋಡೋಣ. ಕಂಬ ನೆಲದಲ್ಲಿ ಹೂತಿಲ್ಲ. ಅಡಿಗಲ್ಲಿನ ಮೇಲೆ ಕೂತಿದೆ, ಹಾಗಾಗಿ ನೆಲದ ತಂಪು, ಗೆದ್ದಲು ನೇರವಾಗಿ ಕಟ್ಟಿಗೆಗೆ ಹತ್ತುವುದಿಲ್ಲ. ಕಂಬದ ತಲೆಯಲ್ಲಿ ಒಂದು ನಾಲಿಗೆ ಕೆತ್ತಿ ಅದನ್ನು ಬೋದಿಗೆಯ, ಅಂದರೆ ಕಂಬದ ತಲೆಯ ಮೇಲೆ ಅಡ್ಡಲಾಗಿ ಕೂರುವ ಕಟ್ಟಿಗೆ ತುಂಡಿನ ತೂತಿನಲ್ಲಿ ಇಳಿಸಿದ್ದಾರೆ. ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತಿ, ಜಂತಿಯ ಮೇಲೆ ಒತ್ತೊತ್ತಾಗಿ ಕಟ್ಟಿಗೆ ತುಂಡು, ಅದರ ಮೇಲೆ ಬೇವಿನ ತಪ್ಪಲು, ಲಕ್ಕಿ ತಪ್ಪಲು, ಆಮೇಲೆ ಮಣ್ಣು. ಕಟ್ಟಕಡೆಗೆ ಸೌಳು ಮಣ್ಣು, ಅಂದರೆ ಬೆಳೆ ಬಾರದ ಚೌಳು ನೆಲದ ಮಣ್ಣು. ಇಡೀ ಮಾಳಿಗೆಯಲ್ಲಿ ಕಬ್ಬಿಣದ ಮೊಳೆ ಹುಡುಕಿದರೆ ಸಿಗುವುದು ತೊಟ್ಟಿಲ ಕೊಂಡಿ ಮಾತ್ರ.

ಬೋದಿಗೆಯನ್ನು ನಾನು ಇಷ್ಟು ದಿನ ಅಲಂಕಾರ ಎಂದುಕೊಂಡಿದ್ದೆ. ಗಿಣಿ, ಬಾಳೆಮೊಗ್ಗು ಕೆತ್ತಿರುತ್ತಾರಲ್ಲ, ಅದಕ್ಕೇ. ಅಳೆದು ನೋಡಿದೆ. ಬೋದಿಗೆ ಕಂಬದಿಂದ ಆಚೆಗೊಂದು ಈಚೆಗೊಂದು ಕೈ ಚಾಚುತ್ತದೆ, ಒಂದೊಂದು ಕೈ ಹೆಚ್ಚುಕಮ್ಮಿ ಒಂದು ಅಡಿ. ಅಂದರೆ 7 ಅಡಿ ಅಂತರದಲ್ಲಿ ತೊಲೆ ನಿಜವಾಗಿ ಬರಿಗಾಳಿಯಲ್ಲಿ ದಾಟಬೇಕಾದ್ದು 5 ಅಡಿ. ತೊಲೆ ಬಾಗಿಸುವ ಬಲ ಅಂತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. 7ಕ್ಕೆ 49 ಆದರೆ 5ಕ್ಕೆ 25. ಒಂದು ತುಂಡು ಕಟ್ಟಿಗೆ ಇಟ್ಟು ತೊಲೆಯ ಕಷ್ಟವನ್ನು ಅರ್ಧಕ್ಕೆ ಇಳಿಸಿದ ಬಡಿಗನಿಗೆ ಈ ಲೆಕ್ಕ ಬರುತ್ತಿರಲಿಲ್ಲ, ಲೆಕ್ಕದ ಉತ್ತರ ಬರುತ್ತಿತ್ತು.

ಕಂಡದ್ದು, ನಾನು ಊಹಿಸಿದ್ದು

ತೆಂಕಲ ಗೋಡೆ 36 ಅಡಿ ಉದ್ದ, 20 ಇಂಚು ದಪ್ಪ. ಮಧ್ಯದ ಎರಡು ಅಂಕಣದ ಉದ್ದಕ್ಕೆ, ಸುಮಾರು ಎದೆಯ ಎತ್ತರದಲ್ಲಿ, ಹೊರಮುಖ ಸಂದಿಯ ಕಡೆಗೆ ಉಬ್ಬಿತ್ತು. ದಾರಕ್ಕೆ ತೂಕದ ಗುಂಡು ಕಟ್ಟಿ ಇಳಿಬಿಟ್ಟು ನೋಡಿದರೆ ನಾಲ್ಕೂವರೆ ಇಂಚು. ಒಳಗೆ ಗೋಡೆಗೂ ಮಾಳಿಗೆಗೂ ನಡುವೆ ಬೆರಳು ತೂರುವ ಬಿರುಕು. ಎರಡು ಜಂತಿ ಜೋತಿದ್ದವು. ಮೂಲೆಯಲ್ಲಿ ನೀರಿಳಿದ ಕಲೆ, ನೆಲದ ಮೇಲೆ ಹಿಟ್ಟಿನಂಥ ಕಟ್ಟಿಗೆ ಪುಡಿ. ಉಳಿದ ಮೂರೂ ಗೋಡೆ ಎರಡೂವರೆ ಅಡಿ ದಪ್ಪ, ಗುಂಡು ಬಿಟ್ಟರೆ ಕೂದಲೆಳೆ ಸರಿದಿರಲಿಲ್ಲ.

ನನ್ನ ಊಹೆ ಸರಳ: ಮಾಳಿಗೆಯ ಹೊರೆ ಗೋಡೆಯ ಮೇಲಿದೆ, ಗೋಡೆ ಸೋತಿದೆ, ಮುಂದಿನ ಮಳೆಗೆ ಎರಡೂ ಕೂಡಿ ಬರುತ್ತವೆ. ಹೆದರಲು ಕಾರಣವೂ ಇತ್ತು. 2009ರಲ್ಲಿ ಸೆಪ್ಟೆಂಬರ್ ಕೊನೆಗೆ ಹಿಡಿದು ಅಕ್ಟೋಬರ್ ಮೊದಲ ವಾರದಲ್ಲಿ ಬಿಟ್ಟ ಮಳೆ ಕೊಪ್ಪಳ, ರಾಯಚೂರು, ಬಳ್ಳಾರಿ, ಬಾಗಲಕೋಟೆ, ವಿಜಯಪುರದ ಕಡೆ ಮಣ್ಣಿನ ಮನೆಗಳನ್ನು ಸಾಲುಸಾಲಾಗಿ ಮಲಗಿಸಿದ್ದನ್ನು ನಾನು ಕಣ್ಣಾರೆ ಕಂಡವನು. ಆಸರೆ ಹೆಸರಲ್ಲಿ ಸರಕಾರ ಮನೆ ಕಟ್ಟಿಸಿಕೊಟ್ಟದ್ದು ಆ ಮಳೆಯ ನಂತರವೇ. ಆ ಚಿತ್ರ ತಲೆಯಲ್ಲಿಟ್ಟುಕೊಂಡು ಗೋಡೆ ನೋಡಿದರೆ ಕೆಡವುವುದು ಬಿಟ್ಟು ಬೇರೆ ತೋಚುವುದಿಲ್ಲ. ಬೆಂಗಳೂರಿನಲ್ಲಿರುವ ಮಾವನ ಮಗ ಫೋನಿನಲ್ಲೇ ಪ್ಲಾನು ಕಳಿಸಿದ. ಅಂದಾಜು ಒಂಬತ್ತು ಲಕ್ಷ. ಹಳೆ ಕಟ್ಟಿಗೆ ಕೊಳ್ಳುವವನೊಬ್ಬ ಕರೆಯದೇ ಬಂದು ಪಡಸಾಲೆಯ ಕಂಬಗಳನ್ನು ಮುಟ್ಟಿ ಮುಟ್ಟಿ ನೋಡಿಹೋದ. ಇಂಥವರಿಗೆ ಸುದ್ದಿ ಹೇಗೆ ಮುಟ್ಟುತ್ತದೋ.

ಊರಿಗೆ ಎರಡನೇ ಸಲ ಹೋದದ್ದು ಕೆಡವುವ ದಿನ ಗೊತ್ತು ಮಾಡಲು. ಅಜ್ಜಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನು ಮಾವನಿಗೆ, ಗೋಡೆ ಮುಟ್ಟುವ ಮೊದಲು ಮಾಳಿಗೆ ಇಳಿಸಬೇಕು, ಇಲ್ಲದಿದ್ದರೆ ಮೈಮೇಲೆ ಬರುತ್ತದೆ ಎಂದು ವಿವರಿಸುತ್ತಿದ್ದೆ. ಅಜ್ಜಿ ತಲೆ ಎತ್ತದೆ ಹೇಳಿದಳು:

"ಗ್ವಾಡಿ ಕೆಡವಿದ್ರ ಮಾಳಿಗಿ ಯಾಕ ಬೀಳತೈತಿ? ಅದು ಪಾಲಾದಾಗ ಹಾಕಿದ ಗ್ವಾಡಿ. ಒಳಗ ಕಂಬ ಅದಾವಲ್ಲೋ. ನಿಮ್ಮವ್ವನ್ನ ತೊಟ್ಟಲಕ ಹಾಕಿ ತೂಗಿದ್ದು ಅಲ್ಲೇ."

"ಮೊದ್ಲ ಯಾಕ ಹೇಳ್ಲಿಲ್ಲಬೇ?" ಎಂದರು ಮಾವ.

"ನೀವ್ ಯಾರು ಕೇಳೀರಿ?"

ಗೋಡೆಯೊಳಗಿನ ಕಂಬ

ಊರಿನ ಹಿರಿಯ ಬಡಿಗ, ನಾವು ಬಡಿಗೇರ ಅಜ್ಜ ಎನ್ನುವವರು, ಕೊಡತಿ ಹಿಡಿದುಕೊಂಡು ಬಂದರು. ಕಣ್ಣು ಮಂಜಾಗಿದೆ, ಕಿವಿ ಚೊಕ್ಕವಾಗಿದೆ. ಗೋಡೆಯ ಉದ್ದಕ್ಕೂ ಬಡಿಯುತ್ತ ನಡೆದರು. ಮೂಡಲ ತುದಿಯಿಂದ ಸರಿಯಾಗಿ 9 ಅಡಿಗೆ ನಿಂತು, "ಇಲ್ಲಿ ಒಡೀರಿ" ಎಂದರು. ಗೋಡೆಗೆ ಮೆತ್ತಿದ ಗಿಲಾಯಿ ಉದುರಿತು, ಒಂದು ಪದರ ಕಲ್ಲು ಸರಿಯಿತು, ಒಳಗೆ ಎಣ್ಣೆ ಕುಡಿದು ಕಪ್ಪಾದ ಸಾಗವಾನಿ ಕಂಬ. ಮೇಲೆ ಬೋದಿಗೆ, ಬೋದಿಗೆಯಲ್ಲಿ ಗಿಣಿ. ಗಿಣಿಯ ಬಾಯಿಗೆ ಯಾರೋ ಗಾರೆ ಮೆತ್ತಿದ್ದರು. 18ನೇ ಅಡಿಗೆ ಇನ್ನೊಂದು, 27ನೇ ಅಡಿಗೆ ಮತ್ತೊಂದು.

ಹದಿನಾರು ಅಂಕಣದ ಮನೆಯ ನಟ್ಟನಡುವಿನ ಸಾಲು ಅದು. ಇಡೀ ಮನೆಯಲ್ಲಿ ಕೆತ್ತನೆ ಇದ್ದ ಕಂಬಗಳು ಅವೇ. ಪಾಲಾಗುವಾಗ ಗಡಿ ಆ ಸಾಲಿನ ಮೇಲೇ ಬಿತ್ತು. ಕಂಬ ಯಾರ ಪಾಲಿಗೆ ಎಂಬ ಜಗಳ ಹರಿಯಲಿಲ್ಲ. ಹಿರಿಯರು ಕಂಬಗಳನ್ನು ಒಳಗೇ ಇಟ್ಟು ಗೋಡೆ ಎತ್ತಿಸಿ ಜಗಳ ಮುಚ್ಚಿದರು. ಹೀಗೆ ಮನೆಯ ಅತ್ಯಂತ ಹೊಸ ಗೋಡೆ ಇದೇ. ಅವಸರದಲ್ಲಿ ಎರಡೂ ಕಡೆ ಚಂದದ ಮುಖವಿಟ್ಟು ನಡುವೆ ಜಲ್ಲಿ, ರಾಡಿ ಸುರಿದ ಗೋಡೆ. ಈಚೆ ಮುಖವನ್ನೂ ಆಚೆ ಮುಖವನ್ನೂ ಕೂಡಿಸಿ ಹಿಡಿಯುವ ಉದ್ದ ಕಲ್ಲು 36 ಅಡಿಯಲ್ಲಿ ಒಂದೂ ಇರಲಿಲ್ಲ. ಹಳೆಯ ಗೋಡೆಗಳಲ್ಲಿ ಅಲ್ಲಲ್ಲಿ ಕಲ್ಲಿನ ತಲೆ ಎರಡೂ ಕಡೆ ಕಾಣುತ್ತದೆ.

ಆಮೇಲೆ ಓದಿ ತಿಳಿದದ್ದು: ಇಂಥ ಗೋಡೆಗಳಿಗೆಂದೇ 1993ರಲ್ಲಿ ಬಂದ ಐಎಸ್ 13828 ಎಂಬ ಮಾನಕವಿದೆ. ಎತ್ತರದಲ್ಲಿ ಪ್ರತಿ 600 ಮಿ.ಮೀ.ಗೆ, ಉದ್ದದಲ್ಲಿ 1.2 ಮೀಟರಿಗೆ ಮೀರದಂತೆ ಗೋಡೆಯ ಪೂರ್ತಿ ದಪ್ಪದ ಕಲ್ಲು ಇಡಬೇಕೆಂದು ಅದು ಹೇಳುತ್ತದೆ. ಅದೇ ವರ್ಷ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿ ಸೀಮೆ ನಡುಗಿದಾಗ ಜನರ ಮೇಲೆ ಬಿದ್ದದ್ದು ಹೆಚ್ಚಾಗಿ ರಾಡಿಯಲ್ಲಿ ಕಟ್ಟಿದ ಇಂಥ ದಪ್ಪ ಕಲ್ಲುಗೋಡೆಗಳು. ಕಟ್ಟಿಗೆಯ ಚೌಕಟ್ಟು ಗಟ್ಟಿಯಿದ್ದ ಕೆಲವು ಮನೆಗಳಲ್ಲಿ ಗೋಡೆ ಹೊರಕ್ಕೆ ಉರುಳಿ, ಮಾಳಿಗೆ ಮಾತ್ರ ಕಂಬಗಳ ಮೇಲೆ ಹಾಗೇ ನಿಂತಿತ್ತು. ನಮ್ಮ ಮನೆಯೂ ಆ ಜಾತಿಯದೇ. ಗೋಡೆ ಇಲ್ಲಿ ಮೈಗೆ ಹೊದ್ದ ಕೌದಿ. ಎಲುಬು ಬೇರೆ.

ಹಾಗಾದರೆ ಜಂತಿ ಜೋತದ್ದು ಏಕೆ? ಆರು ಇಂಚಿನ ಮೊಳೆ ಹಿಡಿದು ಪ್ರತಿಯೊಂದು ಕಂಬ, ತೊಲೆ ಚುಚ್ಚುತ್ತ ಹೋದೆವು. ಎದೆಮಟ್ಟದಲ್ಲಿ ಮೊಳೆ ಕಾಲು ಇಂಚೂ ಇಳಿಯಲಿಲ್ಲ. ಮಧ್ಯದ ಕಂಬದ ಬುಡದಲ್ಲಿ ಮಾತ್ರ ಬೆಣ್ಣೆಗೆ ಇಳಿದಂತೆ ಇಳಿಯಿತು. ಬುಡದಿಂದ 14 ಇಂಚು ಎತ್ತರದವರೆಗೆ ಕೊಳೆತಿತ್ತು. ಗೋಡೆಯೊಳಗೆ ಹೂತ ಕಂಬಕ್ಕೆ ಗಾಳಿ ಇಲ್ಲ, ಸಂದಿಯ ನೀರು ಬುಡಕ್ಕೇ ಬರುತ್ತಿತ್ತು. ಇನ್ನೊಂದು ಕೇಡು ತೊಲೆಗಳ ತುದಿಯಲ್ಲಿ. ಮೊದಲು ಆ ತೊಲೆಗಳು ಈ ಸಾಲನ್ನು ದಾಟಿ ಸಣ್ಣ ಮಾವನ ಪಾಲಿಗೆ ಹೋಗುತ್ತಿದ್ದವು. ಆತ ತನ್ನ ಭಾಗ ಕಿತ್ತಾಗ ಅವನ್ನು ಗೋಡೆಯ ಮುಖಕ್ಕೆ ಸರಿಯಾಗಿ ಗರಗಸದಲ್ಲಿ ಕೊಯ್ದು, ಕೊಯ್ದ ತುದಿಗೆ ಸಿಮೆಂಟು ಮೆತ್ತಿದ್ದರು. ಕಟ್ಟಿಗೆ ನೀರು ಕುಡಿಯುವುದು ಮೈಯಿಂದಲ್ಲ, ತುದಿಯಿಂದ. ಕುಡಿದದ್ದು ಸಿಮೆಂಟಿನ ಹಿಂದೆ ಆರಲಾರದೆ ಅಲ್ಲೇ ಕೊಳೆಯಿತು. ಜತೆಗೆ ಎರಡು ಕೈಗೂ ಸಮ ಹೊರೆ ಇದ್ದ ಬೋದಿಗೆಗೆ ಈಗ ಒಂದೇ ಕೈಗೆ ಹೊರೆ. ಹೆಗಲ ಮೇಲಿನ ಕಾವಡಿಯಿಂದ ಒಂದು ಕೊಡ ಇಳಿಸಿಬಿಟ್ಟ ಹಾಗೆ.

ಬಡಿಗೇರ ಅಜ್ಜ ಕೊಯ್ದ ತುದಿಯನ್ನು ಸವರಿ ನೋಡಿ ಬಹಳ ಹೊತ್ತು ಏನೂ ಅನ್ನಲಿಲ್ಲ. ಕೊಯ್ದದ್ದು ಅವರ ಕೈಯೇ ಎಂದು ಮಾವ ನನಗೆ ಆಮೇಲೆ ಹೇಳಿದರು.

ಮಾಳಿಗೆಯ ಮೇಲೆ

ನೀರು ಬಂದದ್ದು ಸಂದಿಯಿಂದ ಮಾತ್ರ ಅಲ್ಲ. ಏಳು ವರ್ಷದ ಹಿಂದೆ ಮಾವ, ವರ್ಷ ವರ್ಷ ಮಣ್ಣು ಹಾಕಿಸುವ ರಗಳೆ ಬೇಡವೆಂದು ಮಾಳಿಗೆಗೆ ಜಾಳಿಗೆ ಹಾಸಿ ಎರಡು ಇಂಚು ಸಿಮೆಂಟು ಹೊಡೆಸಿದ್ದರು. ಅವರ ತಪ್ಪಲ್ಲ. ಮಣ್ಣು ಹಾಕುವ ಆಳು ಸಿಗುವುದಿಲ್ಲ, ಸಿಮೆಂಟು ಹೊಡೆಯುವವರು ಸಿಗುತ್ತಾರೆ. ಎರಡು ಮಳೆಗಾಲ ಹನಿ ಬೀಳಲಿಲ್ಲ. ಮೂರನೆಯದರಿಂದ ಸೋರಿಕೆ ಶುರು. ಪ್ರತಿ ಬೇಸಿಗೆಗೆ ಬಿರುಕಿಗೆ ಡಾಂಬರು ತುಂಬಿಸುವುದು, ಪ್ರತಿ ಮಳೆಗೆ ಹೊಸ ಜಾಗದಲ್ಲಿ ಪಾತ್ರೆ ಇಡುವುದು.

ಜನವರಿಯಲ್ಲಿ, ಮಳೆ ನಿಂತು ಮೂರು ತಿಂಗಳಾದ ಮೇಲೆ, ಸಿಮೆಂಟನ್ನು ಒಂದು ಚೌಕ ಒಡೆದು ನೋಡಿದೆವು. ಕೆಳಗಿನ ಮಣ್ಣು ಕೈಗೆ ತಂಪು ಹತ್ತುವಷ್ಟು ಹಸಿ. ತಪ್ಪಲಿನ ಪದರ ಕರಿ ಗೊಬ್ಬರವಾಗಿತ್ತು, ಬೇವಿನ ಜಂತಿಯ ಬೆನ್ನಿಗೆ ಬಿಳಿ ಬೂಸರು. ಕಟ್ಟಿಗೆ ಹೊರೆ ಬಿದ್ದಾಗ ಬಾಗುತ್ತದೆ, ಮಣ್ಣು ಹಸಿಯಾದಾಗ ಉಬ್ಬಿ ಒಣಗಿದಾಗ ಕುಗ್ಗುತ್ತದೆ. ಸಿಮೆಂಟು ಇವೆರಡನ್ನೂ ಮಾಡಲಾರದು, ಸೀಳುತ್ತದೆ. ಸೀಳಿನಲ್ಲಿ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವ ದಾರಿ ಇಲ್ಲ. ಮಣ್ಣಿನ ಮಾಳಿಗೆ ನೀರನ್ನು ಪೂರ್ತಿ ತಡೆಯುವುದೇ ಇಲ್ಲ. ಮೇಲಿನ ನಾಲ್ಕು ಬೆರಳು ಕುಡಿಯುತ್ತದೆ, ಉಳಿದದ್ದನ್ನು ಮಾಳಿಗೆಯ ನೀರು ಹೊರಬೀಳುವ ದೋಣಿಯ ಕಡೆ ಓಡಿಸುತ್ತದೆ, ಬಿಸಿಲು ಬಿದ್ದ ಕೂಡಲೇ ಕುಡಿದದ್ದನ್ನು ಕಕ್ಕುತ್ತದೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ, ಎರಡು ಮಳೆಯ ನಡುವೆ ಸುಡುಬಿಸಿಲು ಕಾಯುವ ನಾಡಿಗೆ ಇದು ಸಾಕು. ಮಲೆನಾಡಿನಲ್ಲಿ ಹೀಗೆ ಮಾಡಿದರೆ ಒಂದೇ ಮಳೆಗಾಲಕ್ಕೆ ಮನೆಯೊಳಗೆ ಭತ್ತ ನಾಟಿ ಮಾಡಬಹುದು.

ಸಿಮೆಂಟಿನ ಜತೆ ಇನ್ನೊಂದು ಸಂಗತಿ ಬಯಲಾಯಿತು. ಮಣ್ಣಿನ ದಪ್ಪ 22 ಇಂಚು! ಗುದ್ದಲಿಯಿಂದ ಕಡಿದ ಮುಖದಲ್ಲಿ ಪದರಗಳು ಎಣಿಸುವಂತೆ ಕಾಣುತ್ತಿದ್ದವು. ವರ್ಷಕ್ಕೊಮ್ಮೆ ಹೊಸ ಮಣ್ಣು ಹಾಕುವ ಮೊದಲು ಹಳೆಯದನ್ನು ಅಷ್ಟೇ ಕೆರೆದು ತೆಗೆಯಬೇಕು. ಹಾಕುವುದು ನೆನಪಿತ್ತು, ತೆಗೆಯುವುದು ಮರೆತಿತ್ತು. ಲೆಕ್ಕ ಹಾಕಿದೆ. ಒಂದು ಘನ ಅಡಿ ಬಡಿದ ಮಣ್ಣು 50 ಕೆ.ಜಿ. ಎಂದು ಹಿಡಿದರೆ, 504 ಚದರ ಅಡಿಯ ಮೇಲೆ 22 ಇಂಚು ಅಂದರೆ 46 ಟನ್. ಅಷ್ಟನ್ನು ಹೊತ್ತು, ಒಂದು ಕಾಲು ಕೊಳೆತು, ಮೂರು ಕೈ ಖಾಲಿಯಾಗಿ, ಆ ಚೌಕಟ್ಟು ನಿಂತಿತ್ತು. ಕೆಡವೋಣ ಎಂದಿದ್ದ ನಾನು ನನ್ನ ಲೆಕ್ಕವನ್ನು ಎರಡು ಸಲ ತಾಳೆ ನೋಡಿದೆ.

ದುರಸ್ತಿ

ಫೆಬ್ರುವರಿಯಲ್ಲಿ ಕೆಲಸ ಹಿಡಿದೆವು. ಮೊದಲು ಹೊರೆ ಇಳಿಸಬೇಕು. ಸಿಮೆಂಟು ಒಡೆದು, ಮಣ್ಣನ್ನು 10 ಇಂಚಿಗೆ ಇಳಿಸಿದಾಗ ಒಂಬತ್ತು ಟ್ರ್ಯಾಲಿ ಮಣ್ಣು ಹೋಯಿತು, 25 ಟನ್. ಕೊನೆಯ ಟ್ರ್ಯಾಲಿ ಹೋದ ರಾತ್ರಿ ಮನೆಯ ತೊಲೆಗಳೆಲ್ಲ ಲಟಲಟ ಎಂದು ಮುರಿದಂತೆ ಸದ್ದು ಮಾಡಿದವು. ನಾನು ಹೆದರಿ ಎದ್ದೆ. ಬಡಿಗೇರ ಅಜ್ಜ ಬೆಳಿಗ್ಗೆ ನಕ್ಕರು: "ಹೊರಿ ಇಳಿಸಿದ ಮ್ಯಾಲ ಮನಷ್ಯಾನೂ ನಡಾ ಮುರಿತಾನಲ್ಲ."

ಊರುಗೋಲಿಗೆ ಕಬ್ಬಿಣದ ಜಾಕು ತಂದಿದ್ದೆ. ಸಾಲದ್ದಕ್ಕೆ ಬಳ್ಳಾರಿ ಜಾಲಿಯ ದಿಮ್ಮಿ ಕೊಟ್ಟೆವು. ಬಳ್ಳಾರಿಯ ಹೆಸರು ಹೊತ್ತು ನಮ್ಮ ಹಳ್ಳದಂಡೆಗಳನ್ನೆಲ್ಲ ನುಂಗಿರುವ ಈ ಮುಳ್ಳು ಬಳ್ಳಾರಿಯದಲ್ಲ, ಅಮೆರಿಕಾ ಖಂಡದ್ದು. ಆದರೆ ನೆಟ್ಟಗಿನ ತುಂಡು ಸಿಕ್ಕರೆ ಊರುಗೋಲಿಗೆ ಗಟ್ಟಿ. ದಿನಕ್ಕೆ ಎರಡು ಸಲ, ಒಂದೊಂದು ಜಾಕಿಗೆ ಕಾಲು ಸುತ್ತು. ನಾಲ್ಕು ದಿನದಲ್ಲಿ ತೊಲೆ ಮುಕ್ಕಾಲು ಇಂಚು ಎದ್ದಿತು. ಇದನ್ನು ಒಂದೇ ದಿನದಲ್ಲಿ ಎತ್ತಿದ್ದರೆ ಬೋದಿಗೆಯ ತೂತು ಸೀಳುತ್ತಿತ್ತು.

ಕೊಳೆತ ಬುಡಕ್ಕೆ ಏನು ಮಾಡುವುದು? ನನ್ನ ಯೋಚನೆ, 14 ಇಂಚು ಕೊಯ್ದು ಹೊಸ ಸಾಗವಾನಿ ತುಂಡು ಬೆಸೆದು ಬೋಲ್ಟು ಹಾಕುವುದು. ಚಿತ್ರವನ್ನೂ ಬರೆದಿದ್ದೆ. ಬಡಿಗೇರ ಅಜ್ಜ ಚಿತ್ರ ನೋಡಿ, "ಕಟಗಿ ಎಷ್ಟ ಕೆಟ್ಟೈತೋ ಅಷ್ಟ ಕಲ್ಲು ಏರಸ್ರಿ, ಮುಗೀತು" ಎಂದರು. ಹಾಗೇ ಮಾಡಿದೆವು. 14 ಇಂಚು ಎತ್ತರದ ಹೊಸ ಅಡಿಗಲ್ಲು ಬಂತು, ಕಂಬ ಗಿಡ್ಡವಾಯಿತು, ತಲೆ ಇದ್ದಲ್ಲೇ ಉಳಿಯಿತು. ಬೋಲ್ಟಿನ ಖರ್ಚೂ ಉಳಿಯಿತು. ಎರಡು ತೊಲೆಗಳ ಕೊಳೆತ ತುದಿ ಬೋದಿಗೆಯ ನಡುವಿನವರೆಗೂ ಬಂದಿತ್ತು. ಅಲ್ಲಿ ಸರಳ ದಾರಿ ಇರಲಿಲ್ಲ. ಅವೆರಡಕ್ಕೆ ಒಳಗಡೆಯಿಂದ ಒತ್ತಿ, ಕೆಡವಿದ ಮನೆಯೊಂದರ ಕರಿಜಾಲಿ ಕಂಬ ತಂದು ನಿಲ್ಲಿಸಿದೆವು. ಪಡಸಾಲೆಯಲ್ಲಿ ಅವು ಅಡ್ಡ ಬರುತ್ತವೆ, ಚಂದವೂ ಇಲ್ಲ. ಮಾವನ ಮಗ ಬಂದಾಗಲೆಲ್ಲ ತಲೆಗೋ ಮೊಣಕೈಗೋ ತಗಲಿಸಿಕೊಂಡು ನನ್ನನ್ನು ಬೈಯುತ್ತಾನೆ.

ಇಷ್ಟಾದ ಮೇಲೆ ಗೋಡೆ. ಉಬ್ಬಿದ 18 ಅಡಿಯನ್ನು ಮೇಲಿಂದ ಕಲ್ಲು ಕಲ್ಲಾಗಿ ಇಳಿಸಿದೆವು. ನಾನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಕೊನೆಯ ಕಲ್ಲು ತೆಗೆಯುವಾಗ ಎಲ್ಲರನ್ನೂ ಹೊರಗೆ ಕಳಿಸಿದೆ. ಏನೂ ಆಗಲಿಲ್ಲ. ಮಾಳಿಗೆ ಕೂದಲಷ್ಟೂ ಕದಲಲಿಲ್ಲ. ಮೂರು ಕಂಬ, ಮೂರು ಬೋದಿಗೆ, ಆರು ಗಿಣಿ, ಆಚೆ ಸಣ್ಣ ಮಾವನ ಮನೆಯ ಗುಲಾಬಿ ಬಣ್ಣದ ಗೋಡೆ. ಹಂಪಿಯ ಅರಮನೆ ಆವರಣದ ಸಭಾಂಗಣದಲ್ಲಿ ಕಟ್ಟಿಗೆಯ ಕಂಬ ಹೋಗಿ, ಕಲ್ಲಿನ ಕಟ್ಟೆಯ ಮೇಲೆ ಅವು ನಿಂತಿದ್ದ ಸಾಲು ಸಾಲು ಗುಣಿಗಳಷ್ಟೇ ಉಳಿದಿವೆ. ನಮ್ಮಲ್ಲಿ ಕಲ್ಲು ಹೋಗಿ ಕಟ್ಟಿಗೆ ನಿಂತಿತ್ತು. ಸುದ್ದಿ ತಿಳಿದು ಊರವರು ಬಂದು ಬಂದು ನೋಡಿದರು. ಒಬ್ಬರು ಕಂಬ ಅಲುಗಾಡಿಸಿ ನೋಡಿ ಅಜ್ಜಿಯ ಬೈಗುಳ ತಿಂದರು.

ಹನ್ನೊಂದು ದಿನ ಮನೆ ಹಾಗೇ ಇತ್ತು. ಅಜ್ಜಿ ಪ್ರತಿ ರಾತ್ರಿ ಅಲ್ಲೇ, ಅದೇ ಅಂಕಣದಲ್ಲಿ ಮಲಗಿದಳು. ಸಂದಿಯ ಗಾಳಿ ಛಲೋ ಬರುತ್ತದೆ, ಗೋಡೆ ಬೇಡವೇ ಬೇಡ ಎಂದಳು. ಹೊಸ ಗೋಡೆಯನ್ನು ಕಂಬಗಳಿಂದ ಎರಡು ಇಂಚು ಬಿಟ್ಟು, ಸಂದಿಯ ಕಡೆಗೆ ಸರಿಸಿ ಕಟ್ಟಿದೆವು. ನಾಲ್ಕು ಅಡಿಗೊಂದು ಪೂರ್ತಿ ದಪ್ಪದ ಕಲ್ಲು, ಒಳಗೂ ಹೊರಗೂ ಮಣ್ಣಿನದೇ ಗಿಲಾಯಿ. ಕಂಬಗಳು ಈಗ ಮನೆಯೊಳಗೆ ಕಾಣುತ್ತವೆ, ಗಾಳಿ ಆಡುತ್ತದೆ. ಗಡಿಯಿಂದ ಅಷ್ಟು ಆಚೆ ಹೋಗಲು ಸಣ್ಣ ಮಾವನ ಒಪ್ಪಿಗೆ ಬೇಕಿತ್ತು. ಅದರ ಜತೆ ಇನ್ನೊಂದು ಕೇಳಿಕೆಯೂ ಇತ್ತು: ಆತನ ಮನೆಯ ತಾರಸಿ ನೀರಿನ ಪೈಪು ಸಂದಿಗೇ ಬೀಳುತ್ತಿತ್ತು. ಕೆಳಗೆ ಎರೆ ಮಣ್ಣು. ಎರೆ ಮಣ್ಣು ನೀರು ಕುಡಿದರೆ ಊದುತ್ತದೆ, ಒಣಗಿದರೆ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಹನ್ನೆರಡು ವರ್ಷ ಗೋಡೆಯ ಬುಡವನ್ನು ಎತ್ತಿ ಇಳಿಸಿದ್ದು ಅದೇ. ಉಬ್ಬಿಗೆ ಕಾರಣಗಳಲ್ಲಿ ಯಾವುದು ಮೊದಲನೆಯದು ಎಂದು ಕೇಳಿದರೆ ನಾನು ಆ ಪೈಪು ಎನ್ನುತ್ತೇನೆ. ಬಡಿಗೇರ ಅಜ್ಜ ಉದ್ದ ಕಲ್ಲಿಲ್ಲದ ಗೋಡೆ ಎನ್ನುತ್ತಾರೆ. ಮಾವ ಪಾಲು ಎನ್ನುತ್ತಾರೆ.

ಜಾಕು, ಕಲ್ಲು, ಕಟ್ಟಿಗೆ ಎಲ್ಲಕ್ಕಿಂತ ಹೆಚ್ಚು ದಿನ ತಿಂದದ್ದು ಆ ಪೈಪಿನ ಮಾತುಕತೆ. ಇಬ್ಬರು ಮಾವಂದಿರ ನಡುವೆ ಮಾತಿಲ್ಲದೆ ವರ್ಷಗಳಾಗಿತ್ತು. ಆದರೆ ಏಪ್ರಿಲ್, ಮೇ ಬಂದರೆ ಸಣ್ಣ ಮಾವನ ಹೆಂಡತಿ ಮಕ್ಕಳು ಮಧ್ಯಾಹ್ನದ ಹೊತ್ತು ಮಲಗಲು ಬರುವುದು ಈ ಪಡಸಾಲೆಗೇ. ಆರ್‌ಸಿಸಿ ಕೆಳಗೆ ಆ ಹೊತ್ತಿನಲ್ಲಿ ಫ್ಯಾನು ಬಿಸಿ ಗಾಳಿ ಬೀಸುತ್ತದೆ. ಅತ್ತೆಯೇ ಹೇಳಿರಬೇಕು, ಒಂದು ಬೆಳಿಗ್ಗೆ ಪೈಪು ಬೀದಿಯ ಚರಂಡಿಗೆ ತಿರುಗಿತ್ತು. ಯಾರೂ ಏನೂ ಮಾತಾಡಲಿಲ್ಲ.

ಸೌಳು ಮಣ್ಣು, ಮತ್ತು ನನ್ನ ತಪ್ಪು

ಮಾಳಿಗೆಯ ಮೇಲ್ಪದರಕ್ಕೆ ಎಂಥದೋ ಮಣ್ಣು ನಡೆಯುವುದಿಲ್ಲ, ಸೌಳು ಮಣ್ಣೇ ಬೇಕು. ಬೆಳೆಗೆ ಶನಿ, ಮಾಳಿಗೆಗೆ ಗುರು. ಎರಡಕ್ಕೂ ಕಾರಣ ಒಂದೇ: ಅದರಲ್ಲಿರುವ ಸೋಡಿಯಂ. ನೀರು ತಾಗಿದಾಗ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚೆದುರಿ, ಮಣ್ಣಿನ ಸಣ್ಣ ತೂತುಗಳಲ್ಲಿ ಕೂತು ಬೆಣೆ ಹೊಡೆದುಬಿಡುತ್ತವೆ. ಬೇರಿಗೆ ನೀರೂ ಇಳಿಯದು, ಗಾಳಿಯೂ ಇಳಿಯದು. ಹೊಲದಲ್ಲಿ ಇದಕ್ಕೆ ಜಿಪ್ಸಂ ಹಾಕಿ ಸೋಡಿಯಂ ಜಾಗಕ್ಕೆ ಕ್ಯಾಲ್ಸಿಯಂ ತರುತ್ತಾರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಗಂಗಾವತಿ, ಸಿಂಧನೂರು ಕಡೆಯ ಕಾಲುವೆ ಸೀಮೆಯಲ್ಲಿ ಸೌಳು ಹಬ್ಬಿದ ಗೋಳು ಎಲ್ಲರಿಗೂ ಗೊತ್ತು. ನಮ್ಮ ಊರಿಗೆ ಕಾಲುವೆ ಇಲ್ಲ, ಹಳ್ಳದ ದಂಡೆಯಲ್ಲಿ ಹಳೆಯ ಸೌಳು ನೆಲವಿತ್ತು.

ಪರೀಕ್ಷೆ ಅಜ್ಜಿಯದು. ಮಣ್ಣನ್ನು ಕಲಸಿ ಅಂಗೈಯಗಲದ ಬಟ್ಟಲು ಮಾಡಿ, ನೀರು ತುಂಬಿ, ರಾತ್ರಿ ಇಟ್ಟು, ಬೆಳಿಗ್ಗೆ ನೋಡುವುದು. ನೀರು ನಿಂತಿದ್ದರೆ ತನ್ನಿ, ಇಳಿದಿದ್ದರೆ ಬಿಡಿ. ನಾನು ಮೂರು ಜಾಗದ ಮಣ್ಣು ತಂದೆ, ಒಂದು ಗೆದ್ದಿತು. ಅದನ್ನು ಮೂರು ಇಂಚು ಹರಡಿ, ನೀರು ಚಿಮುಕಿಸಿ, ಬಡಿದು, ಎರಡೂ ದೋಣಿಗಳ ಕಡೆ ಇಳಿಜಾರು ಕೊಟ್ಟೆವು.

ಅಲ್ಲಿಗೆ ಬಿಡಬೇಕಿತ್ತು. ಬೆಳಕಿಂಡಿಯ ಸುತ್ತ ಸೋರಬಹುದೆಂದು ನನಗೆ ಅನುಮಾನ. ಅಲ್ಲಿ ಮಾತ್ರ ಮಣ್ಣಿನ ಕೆಳಗೆ ಎರಡು ಅಡಿ ಅಗಲ ಪ್ಲಾಸ್ಟಿಕ್ ಹಾಳೆ ಹಾಸಿದೆ. ಬಡಿಗೇರ ಅಜ್ಜ ಬೇಡ ಎಂದರು, ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ. ಸೆಪ್ಟೆಂಬರಿನ ದೊಡ್ಡ ಮಳೆ ಎರಡು ರಾತ್ರಿ ಹೊಡೆಯಿತು. ಇಡೀ ಮಾಳಿಗೆಯಲ್ಲಿ ಒಂದೇ ಕಡೆ ಹನಿಯಿತು: ಸರಿಯಾಗಿ ಹಾಳೆ ಮುಗಿಯುವ ಅಂಚಿನಲ್ಲಿ, ಸಾಲಾಗಿ. ಮಣ್ಣು ಕುಡಿದ ನೀರು ಹಾಳೆಯ ಮೇಲೆ ಜಾರಿ ಅಂಚಿಗೆ ಬಂದು ಒಂದೇ ಗೆರೆಯಲ್ಲಿ ಇಳಿದಿತ್ತು. ಹರಡಿಕೊಂಡು ಆರಬೇಕಾದ ನೀರನ್ನು ನಾನೇ ಕೂಡಿಸಿ ಒಂದು ಕಡೆ ಬಿಟ್ಟಿದ್ದೆ.

ಗೋಡೆಯ ಹಳೆಯ ಭಾಗದ ಬಿರುಕಿಗೆ ಅಡ್ಡಲಾಗಿ ಎರಡು ಗಾಜಿನ ಚೂರು ಅಂಟಿಸಿದ್ದೇನೆ. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಒಂದು ಮಳೆಗಾಲ ದಾಟಿದರೂ ಒಡೆದಿಲ್ಲ. ಮೂರೂ ಕಂಬದ ತಲೆ ಇದ್ದಲ್ಲೇ ಇದೆ. ಎಲ್ಲ ಸೇರಿ ಖರ್ಚು ಎರಡು ಲಕ್ಷದ ಮೇಲೆ ಸ್ವಲ್ಪ, ಅದರಲ್ಲಿ ಅರ್ಧ ಕೂಲಿ.

ಈ ಏಪ್ರಿಲ್‌ನಲ್ಲಿ ಹಾಳೆ ಕಿತ್ತು ಆ ಜಾಗಕ್ಕೆ ಸೌಳು ತುಂಬಬೇಕು, ತುಂಬುವ ಮೊದಲು ಮೇಲಿನದನ್ನು ಅಷ್ಟೇ ಕೆರೆಯಬೇಕು. ಹಳ್ಳದ ದಂಡೆಯ ಆ ನೆಲವನ್ನು ಯಾರೋ ಕೊಂಡು ಬೇಲಿ ಹಾಕಿದ್ದಾರೆ. ಮೂರು ಕಿಲೋಮೀಟರ್ ಆಚೆಯ ಮಣ್ಣಿನ ಬಟ್ಟಲು ಮೊನ್ನೆ ರಾತ್ರಿ ಕಟ್ಟೆಯ ಮೇಲೆ ಇಟ್ಟಿದ್ದೆವು. ಬೆಳಿಗ್ಗೆ ಅರ್ಧ ನೀರು ಉಳಿದಿತ್ತು. ಅಜ್ಜಿ ಇನ್ನೊಂದು ಜಾಗ ನೋಡಿ ಎಂದಿದ್ದಾಳೆ.